ಸರ್ವಮಂಗಳಕ್ಕನ ಎಡಗೈ ಕೀಬೋರ್ಡ್

ಕುಣಿಗಲ್ಲಿನ ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ಜಮೀನಿನ ಪತ್ರ ಬರೆಯುವ ಹೊನ್ನಯ್ಯನವರ ಕೊಠಡಿ ಇದೆ. ಅಲ್ಲಿ ಕಿಟಕಿ ಪಕ್ಕದ ಕುರ್ಚಿ ಸರ್ವಮಂಗಳಕ್ಕನದು. ಜಮೀನು ಮಾರುವವರು, ಕೊಳ್ಳುವವರು, ಪಾಲಾಗಲು ಬಂದ ಅಣ್ಣತಮ್ಮಂದಿರು ಬೆಂಚಿನ ಮೇಲೆ ಕೂರುತ್ತಾರೆ. ಹೊನ್ನಯ್ಯನವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾ ಪತ್ರ ಹೇಳುತ್ತಾರೆ. ಅಕ್ಕ ಟೈಪ್ ಮಾಡುತ್ತಾರೆ. ಅವರು ಗೋಡೆ ಮುಟ್ಟಿ ತಿರುಗುವಷ್ಟರಲ್ಲಿ ಇವರ ಸಾಲು ಮುಗಿದಿರುತ್ತಿತ್ತು. ಇದು ಅಕ್ಕನ ಬಲಗೈ ಚೆನ್ನಾಗಿದ್ದ ಕಾಲದ ಮಾತು.

ಅಕ್ಕ ಗುಬ್ಬಿಯವರು. ಪಿಯುಸಿ ಮುಗಿಸಿ, ಮದುವೆಯಾಗುವವರೆಗೆ ಸುಮ್ಮನೆ ಕೂರುವುದೇಕೆಂದು ಟೈಪಿಂಗ್ ಕಲಿಯಲು ಸೇರಿ, ಕನ್ನಡ ಜೂನಿಯರ್, ಸೀನಿಯರ್ ಎರಡನ್ನೂ ಪಾಸು ಮಾಡಿದವರು. ಮದುವೆಯಾಗಿ ತುಮಕೂರಿನ ಮರಳೂರಿಗೆ, ನಮ್ಮ ಬೀದಿಗೆ ಬಂದರು. ಅವರ ಯಜಮಾನರು ಪ್ರಭುದೇವ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಅಕ್ಕನಿಗೆ ಯಾರೂ ಹೇಳಿಕೊಡಲಿಲ್ಲ. ಒಂದೊಂದೇ ಕೀ ಒತ್ತಿ ನೋಡಿ ತಾವೇ ಕಲಿತರು. ಹೊನ್ನಯ್ಯನವರ ಕೊಠಡಿಗೆ ಸೇರಿದಂದಿನಿಂದ ದಿನವೂ ಬೆಳಿಗ್ಗೆ ಪೂಜೆ ಮುಗಿಸಿ, ಬುತ್ತಿ ಕಟ್ಟಿಕೊಂಡು ಕುಣಿಗಲ್ ಬಸ್ಸು ಹತ್ತುತ್ತಿದ್ದರು.

ಹೊನ್ನಯ್ಯನವರಿಗೂ ಅಕ್ಕನಿಗೂ ಕೆಲಸ ಮಾಡುತ್ತಾ ಬೆಳೆದ ಒಂದು ಭಾಷೆ ಇತ್ತು. ಹಿಂದೆ ಯಾವಾಗಲೋ ದ್ಯಾವಪ್ಪ ಎನ್ನುವವರ ಜಮೀನಿಗೆ ಗಾಡಿ ದಾರಿಯ ತಕರಾರು ಬಂದಿತ್ತಂತೆ. ಅಂದಿನಿಂದ ದಾರಿಯ ಹಕ್ಕಿನ ಬಗ್ಗೆ ಒಂದು ಪ್ಯಾರಾ ಎಲ್ಲ ಪತ್ರಗಳಿಗೂ ಸೇರಿತು. ಆ ಪ್ಯಾರಾದ ಹೆಸರು 'ದ್ಯಾವಪ್ಪನದು'. ಹೆಣ್ಣುಮಕ್ಕಳ ಒಪ್ಪಿಗೆಯ ಪ್ಯಾರಾ 'ಚೆನ್ನಮ್ಮನದು'. ಬದುವಿನ ಮೇಲಿರುವ ತೆಂಗಿನ ಮರ ಯಾರಿಗೆ ಸೇರಬೇಕು ಎನ್ನುವುದು 'ರಾಮಾಂಜಿನಯ್ಯನದು'. ಹೊನ್ನಯ್ಯನವರು ನಡೆಯುತ್ತಾ "ದ್ಯಾವಪ್ಪನ್ದು, ಚೆನ್ನಮ್ಮನ್ದು" ಎಂದು ಹೇಳಿ ಟೀ ಕುಡಿಯಲು ಹೋದರೆ, ಬರುವಷ್ಟರಲ್ಲಿ ಎರಡೂ ಪ್ಯಾರಾ ಕೂತಿರುತ್ತಿದ್ದವು. ಎಲ್ಲವೂ ಅಕ್ಕನಿಗೆ ಬಾಯಿಪಾಠ.

ಹೋದ ಕಾರ್ತಿಕದಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ದೋಸೆ ಹಂಚಿನ ಮುಂದೆ ನಿಂತಿದ್ದವರ ಕೈಯಿಂದ ಸೌಟು ಬಿತ್ತು. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಮಾತು ಮರಳಿತು, ಕಾಲು ಮರಳಿತು. ಬಲಗೈ ಮಾತ್ರ ಮೊಣಕೈವರೆಗೆ ಬಂದು ನಿಂತಿತು. ಬೆರಳುಗಳು ಮಡಚಿಕೊಂಡೇ ಉಳಿದವು. ಟೈಪ್ ಮಾಡಬಹುದೇ ಎಂದು ಕೇಳಿದಾಗ ಡಾಕ್ಟರು, "ನೋಡೋಣ, ಎಕ್ಸರ್‌ಸೈಜ್ ಬಿಡ್ಬೇಡಿ," ಎಂದಷ್ಟೇ ಹೇಳಿದರು.

ಮನೆಗೆ ಬಂದ ಮೇಲೆ ಅವರು ಮೊದಲು ಚಿಂತಿಸಿದ್ದು ಪೂಜೆಯ ಬಗ್ಗೆ. ಎಡಗೈ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡರೆ ವಿಭೂತಿ ಹಚ್ಚಲು, ಪತ್ರೆ ಏರಿಸಲು ಬಲಗೈ ಏಳುತ್ತಿರಲಿಲ್ಲ. ಮಠದ ಅಯ್ಯನವರು ನೋಡಲು ಬಂದಾಗ ಅದನ್ನೇ ಕೇಳಿದರು. "ಕರಸ್ಥಲ ಗಟ್ಟಿಯಾಗಿದೆಯಲ್ಲಮ್ಮ. ನೋಟ ಇಟ್ಟರೆ ಅದೇ ಪೂಜೆ," ಎಂದರು ಅಯ್ಯನವರು. ಅಕ್ಕನಿಗೆ ಅಷ್ಟು ಸಾಕಾಯಿತು. ಮರುದಿನದಿಂದ ಅವರು ಪೂಜೆಗೆ ಕೂತಾಗ ನಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಆ ಎಡಗೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಹೊನ್ನಯ್ಯನವರು ಮೋಸಂಬಿ ಹಿಡಿದು ಮರಳೂರಿಗೆ ಬಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟು ವಿಷಯಕ್ಕೆ ಬಂದರು.

"ಸರ್ವಮಂಗಳಮ್ಮ, ಮುಚ್ಚುಮರೆ ಇಲ್ದೆ ಹೇಳ್ಬುಡ್ತೀನಿ. ಸೋಮಶೇಖರ್ ಅಂತ ಒಬ್ರನ್ನ ನಿಮ್ ಜಾಗಕ್ಕೆ ಹಾಕ್ಕೊಂಡಿದೀನಿ. ಒಳ್ಳೆ ಸ್ಪೀಡು. ಆದ್ರೆ ಮೊನ್ನೆ ಏನಾಯ್ತು ಗೊತ್ತಾ, ಮಾಮೂಲಿನಂಗೆ 'ದ್ಯಾವಪ್ಪನ್ದು ಹಾಕಪ್ಪ' ಅಂದು ಟೀಗೆ ಹೋದೆ. ಬಂದು ನೋಡ್ತೀನಿ, ಕೊಂಡ್ಕೊಳೋರ ಹೆಸರಿನ ಸಾಲಲ್ಲಿ ದ್ಯಾವಪ್ಪ ಅಂತ ಸೇರಿಸ್ಬುಟ್ಟವ್ರೆ. ಪಾರ್ಟಿಗಳು 'ಯಾವನ್ಲಾ ಇವ್ನು ದ್ಯಾವಪ್ಪ, ನಮ್ ಜಮೀನಿಗೆ ಎಲ್ಲಿಂದ ಬಂದ' ಅಂತ ಒಬ್ರ ಮೇಲೊಬ್ರು ಎಗರಾಡ್ಬುಟ್ರು."

ಅಕ್ಕ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನಗು ಮುಗಿದ ಮೇಲೆ ಕೇಳಿದರು: "ಹಂಗಾದ್ರೆ ನನ್ ಕುರ್ಚಿ?"

ಹೊನ್ನಯ್ಯನವರು ತಲೆ ಕೆರೆದುಕೊಂಡರು. "ಅವ್ರು ಖಾಯಂ ಮಾಡಿ, ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋತೀನಿ ಅಂತವ್ರೆ. ಅವ್ರೂ ಸಂಸಾರಸ್ಥರು, ತಪ್ಪಲ್ಲ. ಯುಗಾದಿ ತಂಕ ತಡೀರಿ ಅಂದಿದೀನಿ. ಅಷ್ಟರಲ್ಲಿ ನೀವು ಬಂದು ಒಂದು ಪತ್ರ ಟೈಪ್ ಮಾಡಿ ತೋರ್ಸಿ. ಪಾರ್ಟಿಗಳ ಟೈಮಿಗೆ ಸರಿಯಾಗಿ ಆಯ್ತು ಅಂದ್ರೆ ಕುರ್ಚಿ ನಿಮ್ದೆ. ಆಗ್ಲಿಲ್ಲ ಅಂದ್ರೆ ನನ್ ಮೇಲೆ ಬೇಜಾರ್ ಮಾಡ್ಕೋಬೇಡಿ. ನಾನೂ ಪಾರ್ಟಿಗಳಿಗೆ ಉತ್ತರ ಹೇಳ್ಬೇಕು."

ಅವರು ಹೋದ ಮೇಲೆ ಪ್ರಭುದೇವರು, "ಸಾಕು ಬುಡು ಮಂಗಳಾ, ಇಷ್ಟು ವರ್ಷ ದುಡ್ದಿದೀಯ," ಎಂದರು.

"ಕಾಯಕ ಬಿಟ್ಟು ಬರೀ ಪೂಜೆ ಮಾಡ್ಕೊಂಡಿರು ಅಂದ್ರೆ ನಂಗೆ ಆ ಪೂಜೇನೂ ನಿಲ್ಲಲ್ಲ," ಎಂದರು ಅಕ್ಕ. ಅಲ್ಲಿಗೆ ಆ ಮಾತು ಮುಗಿಯಿತು.

ಅಕ್ಕನ ತಮ್ಮನ ಮಗಳು ಸುಮನಾ ಗುಬ್ಬಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ವಿಷಯ ತಿಳಿದು ಭಾನುವಾರ ತನ್ನ ಹಳೆಯ ಲ್ಯಾಪ್‌ಟಾಪ್ ಹೊತ್ತು ಬಂದಳು. ನಡುಮನೆಯಲ್ಲಿ ಚಾಪೆ ಹಾಸಿ, ಮಣೆಯ ಮೇಲೆ ಅದನ್ನಿಟ್ಟಳು. ನಾನು ಅವರೆಕಾಯಿ ಬಿಡಿಸುತ್ತಾ ಪಕ್ಕದಲ್ಲಿ ಕೂತೆ.

"ಅತ್ತೆ, ಇದರ ಹೆಸರು ಈಮ್ಯಾಕ್ಸ್ ಅಂತ. ಬರೆಯೋ ಪ್ರೋಗ್ರಾಮು. ನೋಡೋಕೆ ಏನೂ ಚಂದ ಇಲ್ಲ. ಆದ್ರೆ ಯಾವ ಕೀ ಒತ್ತಿದ್ರೆ ಏನಾಗ್ಬೇಕು ಅಂತ ನಾವೇ ಹೇಳ್ಬೋದು. ಹೇಳ್ದಂಗೆ ಕೇಳತ್ತೆ."

"ಹೇಳ್ದಂಗೆ ಕೇಳೋದು ಈ ಮನೇಲಿ ಒಂದಾದ್ರೂ ಇರ್ಲಿ," ಎಂದು ಅಕ್ಕ ಯಜಮಾನರ ಕಡೆ ನೋಡಿದರು. ಅವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ಸುಮನಾ ಅದನ್ನು ಇಂಟರ್ನೆಟ್ಟಿನಿಂದ ಇಳಿಸಿ, ಕೂರಿಸಿ, ತೆರೆದಳು. ಬಿಳಿಯ ಖಾಲಿ ಪರದೆ, ಮೇಲೆ ಒಂದು ಸಾಲು ಇಂಗ್ಲಿಷ್, ಅಷ್ಟೇ. ಈ ಪ್ರೋಗ್ರಾಮು ತೆರೆಯುವ ಮೊದಲು ಒಂದು ಫೈಲನ್ನು ಓದುತ್ತದಂತೆ. ನಮಗೆ ಹೇಗೆ ಬೇಕೋ ಅದನ್ನೆಲ್ಲ ಆ ಫೈಲಿನಲ್ಲಿ ಬರೆದಿಡಬೇಕು. ಮೇಲಿಂದ ಕೆಳಗೆ ಓದುತ್ತಾ, ಬರೆದದ್ದನ್ನೆಲ್ಲ ಒಪ್ಪಿಕೊಂಡು, ಆಮೇಲೆ ಅದು ಕೆಲಸಕ್ಕೆ ನಿಲ್ಲುತ್ತದೆ. ವಿಂಡೋಸ್ ಆ ಫೈಲಿನ ಫೋಲ್ಡರನ್ನು ಯಾರ ಕಣ್ಣಿಗೂ ಬೀಳದ ಹಾಗೆ ಮರೆಮಾಡಿಟ್ಟಿರುತ್ತದೆ. ಸುಮನಾ ಅದನ್ನು ಕಾಣುವ ಹಾಗೆ ಮಾಡಿ, ಅತ್ತೆಯ ಕೈಯಿಂದಲೇ ಎರಡು ಸಲ ತೆಗೆಸಿ ಮುಚ್ಚಿಸಿದಳು.

ಮೊದಲು ಅಕ್ಷರ ದೊಡ್ಡದು ಮಾಡಿದರು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಗುಲುತ್ತದೆ ಎಂದು ಅಕ್ಕ ಹೇಳಿದರು. ಸುಮನಾ ಒಂದು ಸಾಲು ಬರೆದು, ಮುಚ್ಚಿ ತೆಗೆದಳು. ಸಾಲುಗಳ ನಡುವೆ ಅಂತರ ಬಂತು. "ಏನ್ ಬದಲಾಯಿಸಿದ್ರೂ ಹೀಗೆ ಮುಚ್ಚಿ ತೆಗೆದು ನೋಡ್ಬೇಕು ಅತ್ತೆ," ಎಂದಳು. ಶಿಫ್ಟ್ ಕೀಯನ್ನು ಒತ್ತಿ ಹಿಡಿಯದೆ ಒಮ್ಮೆ ಒತ್ತಿ ಬಿಟ್ಟರೂ ಸಾಕು ಎನ್ನುವ ಹಾಗೂ ಮಾಡಿದಳು.

ಆಮೇಲೆ ಕೈಯ ವಿಷಯ. ಬಲಗಡೆಯ ಅಕ್ಷರಗಳೆಲ್ಲ ಎಡಗೈಗೆ ಸಿಗುವುದು ಹೇಗೆ? ಸುಮನಾ ಬರುವ ಮೊದಲೇ ಯೋಚಿಸಿ ಒಂದು ಹೊಸ ಜೋಡಣೆ ತಂದಿದ್ದಳು. ಕನ್ನಡದಲ್ಲಿ ಹೆಚ್ಚು ಬಳಕೆಯಾಗುವ ಅಕ್ಷರಗಳು ಎಡಗೈಗೆ ಹತ್ತಿರ, ಕಡಿಮೆ ಬಳಕೆಯವು ದೂರ. ಅಕ್ಕ ಪೂರ್ತಿ ಕೇಳಿದರು. ಆಮೇಲೆ ತಮ್ಮ ಎಡಗೈಯನ್ನು ಮಣೆಯ ಮೇಲಿಟ್ಟು ಬೆರಳುಗಳನ್ನು ಆಡಿಸಿದರು.

"ಹೊಸದು ಕಲಿಸ್ಬೇಡ ಕಣೇ. ಬಲಗೈಯ ಯಾವ ಬೆರಳು ಏನು ಒತ್ತುತಿತ್ತೋ, ಎಡಗೈಯ ಅದೇ ಬೆರಳಿಗೆ ಅದನ್ನೇ ಕೊಡು. ಮಧ್ಯದ ಬೆರಳಿಗೆ ಕ ಅಂತ ಗೊತ್ತು. ಎಡಗೈ ಮಧ್ಯದ ಬೆರಳಿಗೂ ಗೊತ್ತಾಗ್ತದೆ."

ಸುಮನಾ ತನ್ನ ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು ನೋಡಿದಳು. "ಕನ್ನಡಿ ಹಿಡಿದಂಗೆ. ಇದೇ ಚೆನ್ನಾಗಿದೆ ಅತ್ತೆ, ನಂಗೂ ಕೆಲಸ ಕಮ್ಮಿ."

ಎಡಗಡೆ ಕಿರುಬೆರಳಿನ ಪಕ್ಕ ಕ್ಯಾಪ್ಸ್ ಲಾಕ್ ಇದೆಯಲ್ಲ, ಅದನ್ನು ಆರಿಸಿಕೊಂಡರು. ಕನ್ನಡ ಟೈಪ್ ಮಾಡುವವರಿಗೆ ಅದರಿಂದ ಏನೂ ಉಪಯೋಗವಿಲ್ಲ, ತಪ್ಪಿ ತಗುಲಿದರೆ ಬೈಸಿಕೊಳ್ಳುವ ಕೀ ಅದು. ಈಗ ಅದಕ್ಕೊಂದು ಕೆಲಸ ಸಿಕ್ಕಿತು. ಅದನ್ನು ಒತ್ತಿ ಬಿಟ್ಟು, ಆಮೇಲೆ ದ ಒತ್ತಿದರೆ ಕ ಬರುತ್ತದೆ. ಸ ಇದ್ದಲ್ಲಿ ಲ. ವ ಇದ್ದಲ್ಲಿ ಮ. ಬ ಇದ್ದಲ್ಲಿ ನ. ಒತ್ತದಿದ್ದರೆ ಎಲ್ಲವೂ ಮೊದಲಿನ ಹಾಗೆ.

ಸುಮನಾ ಆ ಫೈಲಿನಲ್ಲಿ ಬರೆಯುವಾಗ ನಡುನಡುವೆ ಕನ್ನಡದಲ್ಲಿ ಟಿಪ್ಪಣಿ ಹಾಕುತ್ತಿದ್ದಳು. 'ಇಲ್ಲಿಂದ ಅತ್ತೆಯ ಬೆರಳುಗಳು' ಎಂದು ಒಂದು ಕಡೆ. ಅಂಥ ಸಾಲಿನ ಮೊದಲು ಎರಡು ಸೆಮಿಕೋಲನ್ ಇಡುತ್ತಿದ್ದಳು. ಯಾಕೆ ಎಂದು ಅಕ್ಕ ಕೇಳಿದರು.

"ಇದು ಮೆಷಿನ್ನಿಗಲ್ಲ ಅತ್ತೆ, ಮುಂದೆ ನೋಡೋ ಮನುಷ್ಯರಿಗೆ. ಈ ಗುರುತು ಕಂಡ್ರೆ ಅದು ಆ ಸಾಲನ್ನ ಬಿಟ್ಟು ಮುಂದಕ್ಕೆ ಹೋಗತ್ತೆ."

ಸಂಜೆ ಹೊರಡುವ ಮುಂಚೆ ಇನ್ನೊಂದು ತೋರಿಸಿದಳು. ಎರಡಕ್ಷರ ಒತ್ತಿ ಸ್ಪೇಸ್ ಕೊಟ್ಟರೆ ಇಡೀ ಪ್ಯಾರಾ ಬರುವ ಹಾಗೆ ಮಾಡಬಹುದು. ಉದಾಹರಣೆಗೆ ಎಂದು ಒಂದು ಸಾಲು ಬರೆದಿಟ್ಟು, "ಬೇಕಾದಾಗ ಇದೇ ತರ ಕೆಳಗೆ ಸೇರಿಸ್ಕೊಳಿ," ಎಂದಳು. ಅಕ್ಕ ಆ ಸಾಲನ್ನು ಎರಡು ಸಲ ಓದಿದರು. ಅವರ ಮನಸ್ಸಿನಲ್ಲಿ ದ್ಯಾವಪ್ಪ, ಚೆನ್ನಮ್ಮ, ರಾಮಾಂಜಿನಯ್ಯ ಸಾಲಾಗಿ ನಿಂತುಬಿಟ್ಟಿದ್ದರು ಎಂದು ನನಗೆ ತಿಳಿದದ್ದು ಆಮೇಲೆ.

ಮಾಘ ಪೂರ್ತಿ ಅಭ್ಯಾಸ. ಮಧ್ಯಾಹ್ನ ಅಡುಗೆ ಮನೆ ಕೆಲಸ ಮುಗಿಸಿ ನಾನು ಹೋಗಿ ಹಳೆಯ ಪತ್ರಗಳನ್ನು ಗಟ್ಟಿಯಾಗಿ ಓದುತ್ತಿದ್ದೆ, ಅಕ್ಕ ಒತ್ತುತ್ತಿದ್ದರು. ಮೊದಮೊದಲು ಎಡಗೈ ಗೊಂದಲದಲ್ಲಿ ಬೀಳುತ್ತಿತ್ತು. ಕ್ಯಾಪ್ಸ್ ಒತ್ತಲು ಮರೆತರೆ 'ಕೆರೆ' ಹೋಗಿ 'ದೆರೆ' ಆಗುತ್ತಿತ್ತು. ಅಕ್ಕನಿಗೆ ಸಿಟ್ಟು ಬರುತ್ತಿರಲಿಲ್ಲ. ಅಳಿಸಿ ಮತ್ತೆ ಒತ್ತುತ್ತಿದ್ದರು. "ಬಲಗೈಗೂ ಇನ್‌ಸ್ಟಿಟ್ಯೂಟಿನಲ್ಲಿ ಹಿಂಗೇ ಆಗಿತ್ತು ಪ್ರಮೀಳಾ. ಅದಕ್ಕೂ ಹುಟ್ಟಿದಾಗ್ಲೇ ಏನ್ ಬರ್ತಿರ್ಲಿಲ್ಲ," ಎನ್ನುತ್ತಿದ್ದರು. ದಿನ ಹೋದಂತೆ ನನ್ನ ಓದು ನಿಧಾನ ಮಾಡಬೇಕಾದ ಪ್ರಸಂಗ ಕಡಿಮೆಯಾಯಿತು. ಮೊದಲಿನ ವೇಗ ಬರಲಿಲ್ಲ, ಬರುವುದೂ ಇಲ್ಲ. ಆದರೆ ಕೈ ನಿಲ್ಲದೆ ಹೋಗುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಅಕ್ಕನೇ ಹೊನ್ನಯ್ಯನವರಿಗೆ ಫೋನ್ ಮಾಡಿ, "ನಾಳೆ ಬರ್ತೀನಿ. ಯಾವುದಾದ್ರೂ ಕ್ರಯಪತ್ರ ಇಟ್ಟಿರಿ," ಎಂದರು. ಅಂದು ಸಂಜೆ ಕೂತು ಆ ಫೈಲನ್ನು ತೆರೆದು, ತಮ್ಮ ಪ್ಯಾರಾಗಳನ್ನೆಲ್ಲ ಸುಮನಾ ತೋರಿಸಿದ ಮಾದರಿಯಲ್ಲಿ ಸೇರಿಸಿದರು. 'ದವ' ಎಂದರೆ ದ್ಯಾವಪ್ಪನದು, 'ಚಚ' ಎಂದರೆ ಚೆನ್ನಮ್ಮನದು, 'ರರ' ಎಂದರೆ ರಾಮಾಂಜಿನಯ್ಯನದು. ಕಂಸ, ಉದ್ಧರಣೆ ಗುರುತು ಎಲ್ಲವನ್ನೂ ನನ್ನಿಂದ ಮತ್ತೊಮ್ಮೆ ನೋಡಿಸಿದರು. ಮುಗಿದ ಮೇಲೆ ಫೈಲಿನ ತಲೆಗೆ ಹೋಗಿ, ಎಲ್ಲಕ್ಕಿಂತ ಮೇಲೆ 'ಶ್ರೀ' ಎಂದು ಹಾಕಿದರು. ಜೀವಮಾನದಲ್ಲಿ ಶ್ರೀ ಇಲ್ಲದೆ ಅವರು ಒಂದು ಹಾಳೆಯನ್ನೂ ಶುರು ಮಾಡಿದವರಲ್ಲ. ದಿನಸಿ ಚೀಟಿಗೂ ಅದು ಇರುತ್ತದೆ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಉಳಿಸಿ, ಲ್ಯಾಪ್‌ಟಾಪಿನ ಮುಚ್ಚಳ ಮಡಚಿ ಚೀಲಕ್ಕಿಟ್ಟರು.

ಬೆಳಿಗ್ಗೆ ನಾನೇ ಚೀಲ ಹೊತ್ತು ಜೊತೆಗೆ ಹೋದೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಅಕ್ಕನಿಗೆ ಒಂದು ಕೈ ಕೊಡಬೇಕಿತ್ತು.

ಹೊನ್ನಯ್ಯನವರ ಕೊಠಡಿಯಲ್ಲಿ ಕಿಟಕಿಯ ಕುರ್ಚಿಯಿಂದ ಸೋಮಶೇಖರ್ ಎದ್ದು, "ಬನ್ನಿ ಮೇಡಂ, ಕೂತ್ಕೊಳಿ," ಎಂದು ಜಾಗ ಬಿಟ್ಟರು. ಸೌಮ್ಯ ಮನುಷ್ಯ. ಬೆಂಚಿನ ಮೇಲೆ ಹುತ್ರಿದುರ್ಗದ ಕರಿಸಿದ್ದಪ್ಪನವರು ಟವೆಲು ಹೆಗಲಿಗೆ ಹಾಕಿಕೊಂಡು ಕೂತಿದ್ದರು. ಬೆಟ್ಟದ ಬುಡದ ರಾಗಿ ಹೊಲವನ್ನು ತಮ್ಮನ ಮಗ ರವಿಕಿರಣನಿಗೆ ಕ್ರಯಕ್ಕೆ ಕೊಡುತ್ತಿದ್ದರು. ರವಿಕಿರಣ್ ಪಕ್ಕದಲ್ಲೇ ಮೊಬೈಲು ನೋಡುತ್ತಿದ್ದ. ಅವರಿಗೆ ರಿಜಿಸ್ಟ್ರಿಗೆ ಮಧ್ಯಾಹ್ನ ಊಟದ ಹೊತ್ತಿಗೆ ಮುಂಚಿನ ಸಮಯ ಸಿಕ್ಕಿತ್ತು. ಅಷ್ಟರಲ್ಲಿ ಪತ್ರ ಕೈಯಲ್ಲಿರಬೇಕು.

ಅಕ್ಕ ಲ್ಯಾಪ್‌ಟಾಪ್ ತೆರೆದು ಎಡಗೈಯನ್ನು ಕೀಬೋರ್ಡಿನ ಮೇಲಿಟ್ಟರು. ಕರಿಸಿದ್ದಪ್ಪನವರು ಬಗ್ಗಿ ನೋಡಿದರು.

"ಇದೇನವ್ವ, ಎಡಗೈಲಿ ಒತ್ತೀಯ? ಭೂಮಿ ಪತ್ರ ಕಣವ್ವ."

"ಯಜಮಾನ್ರೆ, ನಾವು ಲಿಂಗ ಇಟ್ಕೊಳೋದು ಈ ಕೈ ಮೇಲೆ. ನಂಗೆ ಇದಕ್ಕಿಂತ ಮಡಿ ಕೈ ಇಲ್ಲ."

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ಹಂಗಾ. ಹಂಗಾದ್ರೆ ಒತ್ತು."

ಆದರೆ ಒತ್ತುವ ಹಾಗಿರಲಿಲ್ಲ. ರಾತ್ರಿ ಹಳೆಯ ಬ್ಯಾಟರಿ ಪೂರ್ತಿ ಇಳಿದು, ಇಲ್ಲಿ ಚಾರ್ಜರ್ ಸಿಕ್ಕಿಸಿದಾಗ ಲ್ಯಾಪ್‌ಟಾಪ್ ಹೊಸದಾಗಿ ಶುರುವಾಗಿತ್ತು. ಪ್ರೋಗ್ರಾಮು ತೆರೆದರೆ ಸುಮನಾ ತಂದ ಮೊದಲ ದಿನದ ಅದೇ ಬಿಳಿಯ ಪರದೆ. ಅಕ್ಷರ ಸಣ್ಣದು. ದ ಒತ್ತಿದರೆ ಇಂಗ್ಲಿಷ್ ಬರುತ್ತಿತ್ತು. ಕೆಳಗೆ ಅರ್ಧ ಪರದೆಯಲ್ಲಿ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ. ಸಂಜೆ ಫೈಲು ಬದಲಾಯಿಸಿದ ಮೇಲೆ ಮುಚ್ಚಿ ತೆಗೆದು ನೋಡಿರಲಿಲ್ಲ ಎನ್ನುವುದು ಆಗ ಇಬ್ಬರಿಗೂ ಹೊಳೆಯಿತು.

ನಾನು ಸುಮನಾಗೆ ಫೋನ್ ಮಾಡಿದೆ. ಅವಳು ಪಾಠದಲ್ಲಿದ್ದಳೇನೋ, ಎತ್ತಲಿಲ್ಲ. ಹೊನ್ನಯ್ಯನವರು ಗೋಡೆ ಗಡಿಯಾರ ನೋಡಿದರು. ಸೋಮಶೇಖರ್ ಮೆಲ್ಲಗೆ, "ಮೇಡಂ, ಇವತ್ತೊಂದು ನಾನು ಮಾಡಿಬಿಡ್ಲಾ?" ಎಂದರು. ಆ ಮಾತಿನಲ್ಲಿ ಕುಹಕ ಇರಲಿಲ್ಲ. ಆದರೂ ಅದಕ್ಕೆ ಹೂಂ ಎಂದರೆ ಕುರ್ಚಿಯ ಮಾತು ಅಲ್ಲಿಗೆ ಮುಗಿಯುತ್ತದೆ ಎಂದು ಆ ಕೊಠಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಸ್ವಲ್ಪ ತಡೀರಿ," ಎಂದರು ಅಕ್ಕ. ಎಡಗೈಯನ್ನು ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟುಕೊಂಡು, ಅದರ ಮೇಲೆ ನೋಟವಿಟ್ಟು ಒಂದು ಗಳಿಗೆ ಕೂತರು. ಆಮೇಲೆ ತಲೆಯೆತ್ತಿ ಆ ಎಚ್ಚರಿಕೆಯನ್ನು ಒಂದೊಂದೇ ಪದವಾಗಿ ಓದತೊಡಗಿದರು.

"ಪ್ರಮೀಳಾ, ಇಷ್ಟೊಂದು ಇಂಗ್ಲಿಷಿನ ಕೊನೇಲಿ ಶ್ರೀ ಯಾಕೆ ಬಂದದೆ?"

"ನೆನ್ನೆ ನೀವೇ ಮೇಲ್ಗಡೆ ಹಾಕಿದ್ರಲ್ಲಕ್ಕ."

ಸೋಮಶೇಖರ್ ಬಗ್ಗಿ ಓದಿದರು. "ಶ್ರೀ ಅನ್ನೋದ್ರ ಬೆಲೆ ಖಾಲಿ ಅಂತಿದೆ ಮೇಡಂ. ಅಲ್ಲೇ ಮುಗ್ಗರಿಸಿ ನಿಂತಿದೆ, ಮುಂದಕ್ಕೆ ಓದಿಲ್ಲ."

"ಶ್ರೀಗೆ ಬೆಲೆ ಇಲ್ಲ ಅಂತದಾ?" ಹೊನ್ನಯ್ಯನವರು ಹುಬ್ಬೇರಿಸಿದರು. "ಎಂಥ ಮೆಷಿನ್ನಮ್ಮ ಇದು. ತೆಗೆದಾಕ್ಬುಡಿ ಅತ್ಲಾಗೆ ಅದನ್ನ."

"ಯಾವುದನ್ನ, ಮೆಷಿನ್ನನ್ನೋ ಶ್ರೀನೋ?" ಎಂದರು ಕರಿಸಿದ್ದಪ್ಪನವರು.

ಅಕ್ಕನಿಗೆ ಅಷ್ಟರಲ್ಲಿ ತಿಳಿದುಹೋಗಿತ್ತು. "ಎರಡೂ ತೆಗೆಯಲ್ಲ. ಅದನ್ನ ನಾನು ಮೆಷಿನ್ನಿಗೆ ಬರ್ದದ್ದಲ್ಲ. ತನಗೇ ಅಂತ ತಿಳ್ಕೊಂಡು ಗಾಬರಿಯಾಗ್ಬುಟ್ಟದೆ, ಪಾಪ." ಮರೆಯಲ್ಲಿದ್ದ ಫೋಲ್ಡರು ಹುಡುಕಿ ಫೈಲು ತೆರೆದರು. ಶ್ರೀಯ ಮುಂದೆ ಎರಡು ಸೆಮಿಕೋಲನ್ ಹಾಕಿದರು. ಉಳಿಸಿದರು. ಮುಚ್ಚಿ ತೆಗೆದರು.

ಪರದೆ ದೊಡ್ಡ ಅಕ್ಷರಗಳೊಂದಿಗೆ ಬಂತು. ಎಚ್ಚರಿಕೆ ಇರಲಿಲ್ಲ. ಅಕ್ಕ ಕ್ಯಾಪ್ಸ್ ಒತ್ತಿ ದ ಒತ್ತಿದರು. ಕ ಬಂತು. ನಾನು ಅಷ್ಟು ಹೊತ್ತು ಚೀಲವನ್ನು ಬಿಗಿಯಾಗಿ ತಬ್ಬಿಕೊಂಡಿದ್ದೆ ಎಂದು ಆಗ ತಿಳಿಯಿತು.

ಹೊನ್ನಯ್ಯನವರು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಯ ಕಡೆ ನಡೆಯಲು ಶುರು ಮಾಡಿದರು. "ಈ ದಿವಸ ಹುತ್ರಿದುರ್ಗದ ವಾಸಿ..."

"ಹೊನ್ನಯ್ಯನೋರೆ, ಕೂತ್ಕೊಂಡು ಹೇಳಿ."

"ಯಾಕಮ್ಮ?"

"ನೀವು ನಡೆದ್ರೆ ನನ್ ಕೈ ನಿಮ್ ಕಾಲಿನ ಹಿಂದೆ ಓಡ್ತದೆ."

ಅವರು ಸ್ಟೂಲು ಎಳೆದುಕೊಂಡು ಕೂತರು. ಕೂತು ಹೇಳಿ ಅಭ್ಯಾಸವಿಲ್ಲ, ಕಾಲು ಅಲ್ಲಾಡಿಸುತ್ತಾ ಹೇಳಿದರು. ಹೆಸರುಗಳು, ಸರ್ವೆ ನಂಬರು, ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬೆಟ್ಟದ ಬುಡ. ಅಕ್ಕನ ಕೈ ಹಿಂದೆ ಬಿದ್ದಾಗ ನಿಲ್ಲಿಸಿ ಕಾದರು. "ದ್ಯಾವಪ್ಪನ್ದು," ಎಂದರು. ಅಕ್ಕ ದ, ವ, ಸ್ಪೇಸ್ ಒತ್ತಿದರು. ಗಾಡಿ ದಾರಿಯ ಪ್ಯಾರಾ ಇಡಿಯಾಗಿ ಬಂದು ಕೂತಿತು.

"ಇದೇನವ್ವ, ಬೋರ್‌ವೆಲ್‌ಗೆ ಕರೆಂಟ್ ಬಂದಂಗೆ ಬಂತು," ಎಂದರು ಕರಿಸಿದ್ದಪ್ಪನವರು.

ಹೊನ್ನಯ್ಯನವರ ಕಾಲು ಅಲ್ಲಾಡುವುದು ನಿಂತಿತು. "ಚೆನ್ನಮ್ಮನ್ದು," ಎಂದರು. ಅದೂ ಬಂತು. "ರಾಮಾಂಜಿನಯ್ಯನ್ದು." ಬಂತು. "ಬಿಡಿ, ಇನ್ನೇನು, ಸಾಕ್ಷಿಗಳ ಹೆಸರು ಹಾಕಿದ್ರೆ ಆಯ್ತು," ಎಂದು ಎದ್ದರು.

"ಆಯ್ತು ಅಂದ್ರೆ? ಹಾಸುಬಂಡೆ?" ಕರಿಸಿದ್ದಪ್ಪನವರು ಬೆಂಚಿನಿಂದ ಮುಂದಕ್ಕೆ ಬಂದರು. "ಆ ಹೊಲದಾಗೆ ನಮ್ಮಪ್ಪನ ಕಾಲದಿಂದ ರಾಗಿ ಒಕ್ಕೋ ಹಾಸುಬಂಡೆ ಅದೆ. ಹೊಲ ಇವನದಾಗ್ಲಿ, ಬಂಡೆ ಇಬ್ರದೂ ಆಗ್ಬೇಕು. ಬರೀರಿ ಅದನ್ನ."

"ದೊಡ್ಡಪ್ಪ, ಬಾಯ್ಮಾತಲ್ಲಿ ಸಾಲ್ದಾ? ನಾನೇನ್ ಬೇಡ ಅಂತೀನಾ?" ಎಂದ ರವಿಕಿರಣ್.

"ನೀನ್ ಅನ್ನಲ್ಲ ಕಣ್ಲಾ. ನಿನ್ ಮಕ್ಕಳು ಒಡೆಸಿ ಜಲ್ಲಿ ಮಾಡಿ ಮಾರಿದ್ರೆ ನನ್ ಮಕ್ಕಳು ಯಾರನ್ನ ಕೇಳ್ಬೇಕು? ಬರೀರಿ. ಇಲ್ದಿದ್ರೆ ನಾನು ಹೆಬ್ಬೆಟ್ಟು ಒತ್ತಲ್ಲ."

ಹೊನ್ನಯ್ಯನವರು ಅಕ್ಕನ ಮುಖ ನೋಡಿದರು. ಹಾಸುಬಂಡೆಗೆ ಯಾರ ಹೆಸರಿನ ಪ್ಯಾರಾವೂ ಇರಲಿಲ್ಲ. ಅಕ್ಷರ ಅಕ್ಷರವಾಗಿ ಹೊಸದಾಗಿ ಒತ್ತಬೇಕು. ಗಡಿಯಾರ ಯಾರಿಗಾಗಿಯೂ ನಿಂತಿರಲಿಲ್ಲ. ಸೋಮಶೇಖರ್ ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ಹೇಳಿ," ಎಂದರು.

"ಸದರಿ ಸ್ವತ್ತಿನಲ್ಲಿರುವ ಹಾಸುಬಂಡೆಯನ್ನು," ಎಂದು ಹೊನ್ನಯ್ಯನವರು ಹೇಳಿ ನಿಲ್ಲಿಸಿದರು. ಅಕ್ಕ ಒತ್ತಿದರು. "ಕ್ರಯಕ್ಕೆ ಪಡೆದವರಾಗಲಿ, ಅವರ ವಾರಸುದಾರರಾಗಲಿ ಒಡೆಯತಕ್ಕದ್ದಲ್ಲ." ಒತ್ತಿದರು. "ಸುಗ್ಗಿಯ ಕಾಲದಲ್ಲಿ ರಾಗಿ ಒಕ್ಕಣೆಗೆ ಉಭಯ ಕುಟುಂಬದವರಿಗೂ ಸಮಾನ ಹಕ್ಕು ಇರತಕ್ಕದ್ದು." ಕಿರುಬೆರಳು ಕ್ಯಾಪ್ಸಿಗೆ ಹೋಗುತ್ತಿತ್ತು, ಬರುತ್ತಿತ್ತು. ನಡುವೆ ಒಂದು ಕಡೆ ಒಕ್ಕಣೆ 'ಒದ್ದಣೆ' ಆಯಿತು. ಅಕ್ಕ ಅಳಿಸಿ ಸರಿ ಮಾಡಿದರು, ಆತುರಪಡಲಿಲ್ಲ. ರವಿಕಿರಣ್ ಮೊಬೈಲು ಜೇಬಿಗಿಟ್ಟು ಆ ಕೈಯನ್ನೇ ನೋಡುತ್ತಿದ್ದ. ಹೊರಗೆ ಬಸ್ಸಿನ ಹಾರನ್ನು, ಒಳಗೆ ಕೀಗಳ ಸದ್ದು.

"ಓದಿ ಹೇಳವ್ವ," ಎಂದರು ಕರಿಸಿದ್ದಪ್ಪನವರು. ಅಕ್ಕ ಓದಿದರು. ಅವರು ಕಣ್ಣು ಮುಚ್ಚಿ ಕೇಳಿ, "ಹೂಂ. ಬಂಡೆ ಉಳೀತು," ಎಂದರು.

ಪತ್ರವನ್ನು ಪೆನ್‌ಡ್ರೈವಿಗೆ ಹಾಕಿ ಸೋಮಶೇಖರ್ ಕೈಗೆ ಕೊಟ್ಟರು. ಅವರು ಕೊಠಡಿಯ ಕಂಪ್ಯೂಟರಿನಲ್ಲಿ ಅಂಚು ಸರಿಪಡಿಸಿ ಪ್ರಿಂಟು ತೆಗೆದರು. ಹೊನ್ನಯ್ಯನವರು ಪೆನ್ಸಿಲ್ ಹಿಡಿದು ಓದಿದರು. ಒಂದೇ ಒಂದು ಕಡೆ ಗುರುತು ಹಾಕಿದರು, ಅದು ಅವರೇ ತಪ್ಪಾಗಿ ಹೇಳಿದ ಸರ್ವೆ ನಂಬರು. ತಿದ್ದಿ, ಮತ್ತೆ ಪ್ರಿಂಟು ತೆಗೆದು, ದೊಡ್ಡಪ್ಪ, ತಮ್ಮನ ಮಗ ಇಬ್ಬರನ್ನೂ ಕರೆದುಕೊಂಡು ರಸ್ತೆ ದಾಟಿದರು. ಅವರ ಸಮಯಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಅವರು ಬರುವವರೆಗೆ ಅಕ್ಕ ಸುಮ್ಮನೆ ಕೂರಲಿಲ್ಲ. ಹಾಸುಬಂಡೆಯ ಪ್ಯಾರಾವನ್ನೂ ಫೈಲಿಗೆ ಸೇರಿಸಿ, 'ಕರಿಸಿದ್ದಪ್ಪನದು' ಎಂದು ಹೆಸರಿಟ್ಟರು. ಸೋಮಶೇಖರ್ ಪಕ್ಕದಲ್ಲಿ ನಿಂತು ನೋಡಿ, "ಇದನ್ನೆಲ್ಲ ನಂಗೂ ಒಂದ್ಸಲ ಹೇಳ್ಕೊಡಿ ಮೇಡಂ," ಎಂದರು. "ಧಾರಾಳವಾಗಿ," ಎಂದರು ಅಕ್ಕ.

ಹೊನ್ನಯ್ಯನವರು ರಿಜಿಸ್ಟ್ರಿ ಮುಗಿಸಿಕೊಂಡು ಹಿಂದಿರುಗಿದರು. ನೀರು ಕುಡಿದು ಸೋಮಶೇಖರ್ ಕಡೆ ತಿರುಗಿದರು. "ಆ ಗೋಡೆ ಪಕ್ಕ ನಿಮಗೊಂದು ಟೇಬಲ್ ಹಾಕಿಸ್ತೀನಿ ಕಣ್ರಿ, ಖಾಯಂ. ಅಫಿಡವಿಟ್ಟು, ಬಾಡಿಗೆ ಕರಾರು, ಅರ್ಜಿ ಎಲ್ಲ ನಿಮ್ದು. ಬೇಗ ಆಗ್ಬೇಕಾದ್ದು. ಜಮೀನಿನ ಪತ್ರ ಕಿಟಕಿ ಕುರ್ಚೀದು."

ಸೋಮಶೇಖರ್ ಒಂದು ಕ್ಷಣ ಗೋಡೆಯ ಕಡೆ ನೋಡಿ, ಖಾಯಂ ಎನ್ನುವ ಮಾತು ಮನಸ್ಸಿಗೆ ಇಳಿದ ಮೇಲೆ, ತಲೆಯಾಡಿಸಿದರು.

"ಮೊದಲಿನ ಸ್ಪೀಡು ನಂಗೆ ಬರಲ್ಲ," ಎಂದರು ಅಕ್ಕ. "ಅದು ಹೋಯ್ತು. ಈಗ್ಲೇ ಹೇಳ್ಬುಡ್ತೀನಿ. ನೀವು ಕೂತು ಹೇಳಿದ್ರೆ ನಾನು ಕೂತು ಒತ್ತೋದು. ಬುಧವಾರ ಕೈಗೆ ಫಿಸಿಯೋಥೆರಪಿ ಅದೆ, ಅವತ್ತು ಬರಲ್ಲ."

"ನಂಗೂ ಮಂಡಿ ನೋವು ಶುರುವಾಗ್ಬುಟ್ಟದೆ. ಎಷ್ಟು ದಿನ ಅಂತ ಗೋಡೆ ಗೋಡೆ ತಿರುಗ್ಲಿ ಹೇಳಿ," ಎಂದು ಹೊನ್ನಯ್ಯನವರು ಸ್ಟೂಲನ್ನು ಅಕ್ಕನ ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಪಹಣಿ ಕಾಗದ ಹಿಡಿದು, ಯಾರನ್ನು ಕೇಳಬೇಕೋ ತಿಳಿಯದೆ ನಿಂತಿದ್ದಳು. ಅಕ್ಕ ಎಡಗೈಯನ್ನು ಸೆರಗಿಗೆ ಒರೆಸಿಕೊಂಡು ಕೀಬೋರ್ಡಿನ ಮೇಲಿಟ್ಟರು.

"ಬಾಮ್ಮ, ಕೂತ್ಕೋ. ಹೆಸರು ಹೇಳು," ಎಂದರು.